ಮಕ್ಕಳನ್ನ ಎಲ್ಲಿ ಹಾಕೀರಿ?

ವಿಜಯಪುರದಾಗ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ತಂದ ರೈತರು ಕೆಲಸ ಮುಗಿಯೋತನಕ ಅಂಗಡಿಯಲ್ಲೇ ಕೂತಿರುತ್ತಾರೆ. ಚಹಾ ಬರುತ್ತದೆ. ಮಳೆಯ ಮಾತಾಗುತ್ತದೆ, ಲಿಂಬಿ ದರದ ಮಾತಾಗುತ್ತದೆ, ಆಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ: "ಮಕ್ಕಳನ್ನ ಎಲ್ಲಿ ಹಾಕೀರಿ?"

ಹಾಕೀರಿ! ಬ್ಯಾಂಕಿನಲ್ಲಿ ಠೇವಣಿ ಹಾಕಿದ ಹಾಗೆ. ಮಗಳು ಹತ್ತನೇ ಇಯತ್ತೆ, ಮಗ ಐದನೇದು, ಇಬ್ಬರೂ ಮನೆಯಲ್ಲೇ ಇದ್ದು ಸಾಲಿಗೆ ಹೋಗುತ್ತಾರೆ ಅಂದರೆ ಎದುರಿನವರ ಮುಖ ಸಣ್ಣದಾಗುತ್ತದೆ. "ಯಾಕ್ರಿ, ಹಾಸ್ಟೆಲ್ಲಿಗೆ ಹಾಕಬೇಕಿಲ್ಲೇನ್ರಿ? ಹೊರಗಿದ್ರ ತಮ್ಮ ಕಾಲ ಮ್ಯಾಲ ತಾವು ನಿಂದರ್ತಾವ." ಇಷ್ಟು ವರ್ಷ ನಕ್ಕು ಸುಮ್ಮನಾದೆ. ಇನ್ನು ಮೇಲೆ ಯಾರು ಕೇಳಿದರೂ ಮೊಬೈಲಿನಲ್ಲಿ ಇದನ್ನು ತೆಗೆದು ಕೈಗೆ ಕೊಡುತ್ತೇನೆ. ಓದಿಕೊಳ್ಳಿ.

ನಮ್ಮ ಊರು ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ 1963ರಿಂದ ಸೈನಿಕ ಶಾಲೆ ಇದೆ. ನವೋದಯ, ಮೊರಾರ್ಜಿ ವಸತಿ ಶಾಲೆಗಳ ಆಸೆಯೂ ಮನೆಮನೆಯಲ್ಲಿದೆ. ಎಲ್ಲದಕ್ಕೂ ಆರನೇ ಇಯತ್ತೆಗೆ ಪ್ರವೇಶ, ಪ್ರವೇಶಕ್ಕೆ ಪರೀಕ್ಷೆ. ಸೈನಿಕ ಶಾಲೆಯದಾದರೆ 150 ನಿಮಿಷದಲ್ಲಿ 125 ಪ್ರಶ್ನೆ. ಅದಕ್ಕಾಗಿ ಮೂರನೇ, ನಾಲ್ಕನೇ ಇಯತ್ತೆಯ ಕೂಸುಗಳನ್ನು ಊರು ಬಿಡಿಸಿ ತಂದು ಕೋಚಿಂಗ್ ಹಾಸ್ಟೆಲ್ಲಿನಲ್ಲಿ ಇಡುತ್ತಾರೆ. ಗೋಡೆ ತುಂಬ ಪಾಸಾದ ಮಕ್ಕಳ ಫೋಟೋ. ಒಂದು ನವೋದಯದಲ್ಲಿ ಆರನೇ ಇಯತ್ತೆಗೆ ತಗೊಳ್ಳೋದು ಹೆಚ್ಚೆಂದರೆ 80 ಮಕ್ಕಳನ್ನು. ಉಳಿದವರ ಫೋಟೋ ಯಾವ ಗೋಡೆಗೂ ಹತ್ತುವುದಿಲ್ಲ.

ನವೋದಯದ ಮೇಲೆ ನನ್ನ ತಕರಾರಿಲ್ಲ. ಅಲ್ಲಿ ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೇ ಮೀಸಲು. ಕೂಲಿಗೆಂದು ಮಹಾರಾಷ್ಟ್ರಕ್ಕೋ ಗೋವಾಕ್ಕೋ ಗುಳೆ ಹೋಗುವ ತಂದೆ ತಾಯಿಗೆ, ಮಗು ಒಂದೇ ಕಡೆ ನಿಂತು ಓದಲಿ ಅನ್ನೋದು ದೊಡ್ಡ ಆಸರೆ. ನಾನು ಹೇಳುತ್ತಿರುವುದು ಮನೆ ಇದ್ದು, ಮನೆಯಲ್ಲಿ ಇಬ್ಬರೂ ಇದ್ದು, "ಸ್ವತಂತ್ರ ಆಗಲಿ" ಅಂತ ಹತ್ತು ವರ್ಷದ ಕೂಸನ್ನು ಹೊರಗೆ ಕಳಿಸುವ ನಮ್ಮಂಥವರ ಮಾತು. ಯಾಕೆಂದರೆ ನಾನೂ ಕಳಿಸಿದ್ದೆ.

ಮಗಳು ಐದನೇ ಇಯತ್ತೆಯಲ್ಲಿದ್ದಾಗ ಒಂದು ವರ್ಷ ಅಂಥ ಒಂದು ಹಾಸ್ಟೆಲ್ಲಿನಲ್ಲಿ ಇಟ್ಟಿದ್ದೆವು. ದೀಪಾವಳಿ ಸೂಟಿಗೆ ಮನೆಗೆ ಬಂದಳು. ಬ್ಯಾಗು ಇಳಿಸಿ, ಪಡಸಾಲೆಯಲ್ಲಿ ಕೈಕಟ್ಟಿ ನಿಂತು ಕೇಳಿದಳು: "ಅಪ್ಪಾ, ನೀರ ಕುಡೀಲೇನ್ರಿ?"

ಅಷ್ಟು ದಿನ ನಳಕ್ಕೆ ಬೊಗಸೆ ಒಡ್ಡಿ, ಅಂಗಿ ತೋಯಿಸಿಕೊಂಡು ನೀರು ಕುಡಿದ ಹುಡುಗಿ. ನನಗೆ ಎಂದೂ "ರಿ" ಹಚ್ಚಿ ಮಾತಾಡಿದವಳಲ್ಲ. ಊಟ ಮುಗಿದ ಮೇಲೆ ಖಾಲಿ ಗಂಗಾಳದ ಮುಂದೆ ಹಾಗೇ ಕೂತಳು, ಯಾರಾದರೂ "ಏಳು" ಅನ್ನಲಿ ಅಂತ. ಮನೆಗೆ ಬಂದವರೆಲ್ಲ, "ಎಷ್ಟು ಶಿಸ್ತು ಕಲ್ತಾಳ ನೋಡ್ರಿ" ಅಂದರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಸುಮ್ಮಸುಮ್ಮನೆ ಗಾಬರಿಯಾಗುವವಳಲ್ಲ. ಅವತ್ತು ರಾತ್ರಿ ಅಂದಳು: "ನೀರಡಿಕಿ ಆದ್ರ ಯಾರನ್ನ ಕೇಳ್ಬೇಕ್ರೀ ಈ ಕೂಸು?"

ಆದರೂ ಫೀ ತುಂಬಿಯಾಗಿದೆ ಅಂತ ನಾನು ವಾಪಸ್ ಕಳಿಸಿದೆ. ಪರೀಕ್ಷೆಯ ತನಕ. ಆ ತಿಂಗಳುಗಳ ತಪ್ಪು ನನ್ನದೇ, ಯಾರ ಮೇಲೂ ಹಾಕುವುದಿಲ್ಲ. ಅವಳ ನಂಬರು ಪಟ್ಟಿಯಲ್ಲಿ ಬರಲಿಲ್ಲ. ಬಂದಿದ್ದರೂ ಇದನ್ನೇ ಬರೆಯುತ್ತಿದ್ದೆ. ಗಂಟೆ ಬಾರಿಸಿದಾಗ ಏಳೋದು, ಗಂಟೆ ಬಾರಿಸಿದಾಗ ಉಣ್ಣೋದು ಸ್ವತಂತ್ರ ಅಲ್ಲ. ಗಂಟೆ ಯಾರ ಕೈಯಲ್ಲಿದೆಯೋ ಸ್ವತಂತ್ರ ಅವರದು.

ಅವಳು ಬಂದ ಮೇಲೆ ಮನೆ ನಡೆಸುವ ರೀತಿಯನ್ನು ನಾವಿಬ್ಬರೂ ಕೂತು ಬದಲಿಸಿದೆವು. ಹೆಂಡತಿಗೆ ಮೂರು ಪಾಳಿಯ ಡ್ಯೂಟಿ, ನನಗೆ ಅಂಗಡಿ. ಮನೆಯ ಕೆಲಸ ನಾಲ್ಕು ಪಾಲಾಯಿತು, ಒಂದೊಂದು ಪಾಲಿಗೆ ಒಬ್ಬೊಬ್ಬರು ಯಜಮಾನರು. "ಅವ್ವಗ ಸಹಾಯ ಮಾಡು" ಅನ್ನೋ ಮಾತೇ ಬಂದ್. ಕೆಲಸ ಅವ್ವನದಾಗಿದ್ದರೆ ತಾನೆ ಸಹಾಯ? ಕಾಯಿಪಲ್ಯ ಏನು ತರಬೇಕು, ಎಷ್ಟಕ್ಕೆ ತರಬೇಕು, ಎಲ್ಲ ಮಗಳ ನಿರ್ಧಾರ. ಮನೆಯಲ್ಲಿ ಹಿಟ್ಟು ತೀರದಂತೆ ನೋಡಿಕೊಳ್ಳೋದು ಮಗನ ಕೆಲಸ.

ಹೋದ ಚಳಿಗಾಲದಲ್ಲಿ ಹಳ್ಳಿಯಿಂದ ನಮ್ಮ ಕಾಕಾ ಬಂದಿದ್ದರು. ಕೂತವರೇ ಶುರು ಮಾಡಿದರು: "ತಮ್ಮಾ, ಗಂಡ ಹುಡುಗನ ಕಡೆ ಭಾಂಡೆ ತಿಕ್ಕಸ್ತಿ, ಗಿರಣಿಗೆ ಕಳಸ್ತಿ. ಹಾಸ್ಟೆಲ್ಲಿಗೆ ಹಾಕು, ತನ್ನ ಕಾಲ ಮ್ಯಾಲ ನಿಂದರ್ತಾನ." ಹುಡುಗ ಆಗ ಗಿರಣಿಗೇ ಹೋಗಿದ್ದ. ಹೋಗಿ ಒಂದೂವರೆ ತಾಸಾಗಿತ್ತು. ನನ್ನ ಹೊಟ್ಟೆಯಲ್ಲೂ ಕಲಮಲ, ಆದರೆ ಕಾಕಾ ಮುಂದೆ ತೋರಿಸಿಕೊಳ್ಳಲಿಲ್ಲ. ಕಡೆಗೆ ಬಂದ. ಹುಬ್ಬಿನ ಮೇಲೆಲ್ಲ ಹಿಟ್ಟು.

"ಎಲ್ಲಿ ಹಾಳಾಗಿ ಹೋಗಿದ್ಯೋ?" ಅಂದರು ಕಾಕಾ.

"ಮುತ್ಯಾ, ಪಾಳಿ ಭಾಳಿತ್ತು. ನನ್ನ ಮುಂದಿನಾವ್ರು ಗೋಧಿ ಹಾಕ್ಸಿದ್ರು. ಗೋಧಿ ಹಿಂದ ನಮ್ಮ ಜ್ವಾಳ ಹಾಕಿದ್ರ ಹಿಟ್ಟು ಕೂಡ್ತೈತಿ, ಅವ್ವನ ರೊಟ್ಟಿ ಸರಿ ಬರಂಗಿಲ್ಲ. ಅದಕ್ಕ ಮೊದಲ ಒಂದ ಬೊಗಸಿ ಜ್ವಾಳ ಅಷ್ಟಽ ಹಾಕ್ರಿ ಅಂತ ಗಿರಣಿಯಾವ್ರಿಗೆ ಅಂದೆ. ಆ ಹಿಟ್ಟು ಬ್ಯಾರೆ ತಗೊಂಡು ದಾರ್‍ಯಾಗ ಆಕಳಿಗೆ ಹಾಕಿ ಬಂದೆ."

ಒಂದು ಬೊಗಸೆಯ ಉಪಾಯವನ್ನು ಅವನಿಗೆ ನಾವು ಹೇಳಿಕೊಟ್ಟಿರಲಿಲ್ಲ. ಗಿರಣಿಯಲ್ಲಿ ನಿಂತಿದ್ದ ಯಾವಳೋ ಆಯಿ ಮಾಡಿದ್ದನ್ನು ನೋಡಿ ಕಲಿತಿದ್ದ. ಕಾಕಾ ಡಬ್ಬಿಯ ಮುಚ್ಚಳ ತೆಗೆದು ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, "ಸಣ್ಣಗ ಬೀಸ್ಯಾರ" ಅಂದರು. ಹಾಸ್ಟೆಲ್ಲಿನ ಮಾತು ಅವತ್ತಿಗೆ ಮುಗಿಯಿತು.

ಬಸವಣ್ಣ ಹುಟ್ಟಿದ ಜಿಲ್ಲೆ ನಮ್ಮದು. ಬಸವ ಜಯಂತಿ ದಿನ ವೇದಿಕೆ ಮೇಲೆ ಮಕ್ಕಳ ಕಡೆಯಿಂದ ಕಾಯಕದ ಭಾಷಣ ಮಾಡಿಸಿ ಚಪ್ಪಾಳೆ ಹೊಡೆಯುತ್ತೇವೆ. ಅದೇ ಮಕ್ಕಳು ಉಂಡ ಗಂಗಾಳ ತೊಳೆದರೆ "ಪಾಪ" ಅನ್ನುತ್ತೇವೆ. ಮಾಂಟೆಸರಿ ಶಾಲೆಯ ಮೇಲೆ ಇಷ್ಟು ಪ್ರೀತಿ ಇದೆಯಲ್ಲ, ಆ ತಾಯಿ ಮಾರಿಯಾ ಮಾಂಟೆಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದಾಗ ಮಾಡಿಸಿದ್ದೂ ಇದನ್ನೇ: ಕೈ ತೊಳಕೊಳ್ಳೋದು, ಗುಂಡಿ ಹಾಕಿಕೊಳ್ಳೋದು, ನೆಲ ಗುಡಿಸೋದು, ಊಟ ಬಡಿಸೋದು. ಈಗ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಬ್ಯಾಳಿ ಸುರಿಯೋದನ್ನು ಕಲಿಸಲಿಕ್ಕೆ ಫೀ ಕಟ್ಟುತ್ತೇವೆ, ಮನೆಯ ಬ್ಯಾಳಿ ಡಬ್ಬಿ ಮುಟ್ಟಿದರೆ "ಚೆಲ್ತಿ, ಸರಿ ಅತ್ಲಾಗ" ಅನ್ನುತ್ತೇವೆ.

ನೀವು ಕೇಳಬೇಕಾದದ್ದು ಬೇರೆ. ಕೂಸು ಕೆಲಸ ಕೆಡಿಸಿದಾಗ ನೀವೇನು ಮಾಡ್ತೀರಿ? ಅಂಗಡಿಯಲ್ಲಿ ಇದನ್ನು ಒಬ್ಬರೂ ಕೇಳಿಲ್ಲ. ಕಠಿಣ ಇರೋದೆಲ್ಲ ಅಲ್ಲೇ.

ಮಗ ಮೊದಮೊದಲು ಗಿರಣಿಗೆ ಹೋಗತೊಡಗಿದಾಗ ಡಬ್ಬಿಯನ್ನು ಸೈಕಲ್ ಕ್ಯಾರಿಯರಿಗೆ ಸಡಿಲ ಕಟ್ಟಿದ್ದ. ಆಶ್ರಮ ರಸ್ತೆಯಲ್ಲಿ ಐದು ಕಿಲೋ ಹಿಟ್ಟು ಚೆಲ್ಲಿತು. ಖಾಲಿ ಡಬ್ಬಿ ಹಿಡಕೊಂಡು ಬಾಗಿಲಲ್ಲಿ ನಿಂತ. ನನ್ನ ಬಾಯಿಗೆ ಮಾತು ಬಂದಿತ್ತು: "ನಾಳಿಯಿಂದ ನಾನಽ ಹೋಗ್ತೀನಿ ಬಿಡು." ಮಾಲದಂಡಿ ಜೋಳದ ಹಿಟ್ಟು ರಸ್ತೆಪಾಲಾದರೆ ನಮ್ಮ ಕಡೆ ಯಾರಿಗೆ ಹೊಟ್ಟೆ ಉರಿಯೋದಿಲ್ಲ? ಆಗ ನನ್ನ ಉಸ್ತಾದ ನೆನಪಾದ. ನಾನು ಕಟ್ಟಿದ ಮೊದಲ ಸುರುಳಿಯಲ್ಲಿ ಸುತ್ತಿನ ಲೆಕ್ಕ ತಪ್ಪಿತ್ತು, ಮೋಟಾರು ಒಂದೇ ದಿನಕ್ಕೆ ಸುಟ್ಟು ವಾಪಸ್ ಬಂತು. ಆತ ಬೈಯಲಿಲ್ಲ, ನನ್ನನ್ನು ಸರಿಸಿ ತಾನು ಕೂಡಲಿಲ್ಲ. ಹೊಸ ತಂತಿ ತಂದು ನನ್ನ ಮುಂದಿಟ್ಟು ಹೋದ. ತಾಮ್ರದ ರೊಕ್ಕ ಅವನ ಕಿಸೆಯಿಂದಲೇ ಹೋಯಿತು.

ನಾನೂ ಬಾಯಿ ಮುಚ್ಚಿಕೊಂಡೆ. ಅವತ್ತು ನಾಲ್ವರೂ ರೊಟ್ಟಿ ಇಲ್ಲದೆ ಅನ್ನ ಸಾರು ಉಂಡೆವು. ಮರುದಿನ ಅವನೇ ಅಂಗಡಿಗೆ ಬಂದು, ಮೋಟಾರು ಎತ್ತುವ ಹಗ್ಗಕ್ಕೆ ನಾನು ಗಂಟು ಹಾಕುವುದನ್ನು ನೋಡುತ್ತ ಕೂತ. ಎರಡು ಸಲ ಬಿಚ್ಚಿಸಿ ಕಟ್ಟಿಸಿದ. ಮತ್ತೆ ಹಿಟ್ಟು ಚೆಲ್ಲಿಲ್ಲ.

ವಾರಕ್ಕೊಮ್ಮೆ, ರವಿವಾರ ರಾತ್ರಿ ಉಂಡ ಮೇಲೆ, ನಾಲ್ವರೂ ಮಾಳಿಗೆ ಮೇಲೆ ಕೂಡುತ್ತೇವೆ. ಖರ್ಚಿನ ವಹಿ ನಡುವೆ ಇರುತ್ತದೆ. ಅಂಗಡಿಗೆ ಎಷ್ಟು ಬಂತು, ಪಗಾರ ಎಷ್ಟು, ಸಾಲದ ಕಂತು ಎಷ್ಟು, ಎಲ್ಲ ಮಕ್ಕಳಿಗೆ ಗೊತ್ತು. "ಸಣ್ಣವರಿಗೆ ರೊಕ್ಕದ ಮಾತ್ಯಾಕ" ಅಂತ ಕೇಳುವವರಿದ್ದಾರೆ. ಗೊತ್ತಿರುವುದರಿಂದಲೇ ಹೋದ ವರ್ಷ ಮಗ ಹೊಸ ಸೈಕಲ್ಲಿನ ಮಾತನ್ನು ತಾನೇ ಮುಂದೂಡಿದ. ನಾವು ಬೇಡ ಅಂದಿರಲಿಲ್ಲ.

ಹೋದ ರವಿವಾರ ಮಗಳು ವಹಿಯ ಕೊನೆಯ ಪುಟ ತೆರೆದಳು. "ಅಪ್ಪಾ, ಪಿಯುಸಿಗೆ ಧಾರವಾಡಕ್ಕ ಹೋಗ್ತೀನಿ. ಹಾಸ್ಟೆಲ್‌ನಾಗ ಇರ್ತೀನಿ."

ಯಾರು ಹೇಳಿದರು ಅಂತ ಕೇಳಿದೆ.

"ಯಾರೂ ಹೇಳಿಲ್ಲ. ನಾನಽ ಕೇಳಾಕತ್ತೀನಿ."

ಕಾಲೇಜಿನ ಫೀ, ಹಾಸ್ಟೆಲ್ಲಿನ ಫೀ, ಬಸ್ ಚಾರ್ಜು, ತಿಂಗಳಿಗೆ ಎಷ್ಟು ಸಲ ಬರಲಿಕ್ಕಾಗುತ್ತದೆ, ಎಲ್ಲ ಬರೆದಿದ್ದಳು. ಕೆಳಗೆ ಗೆರೆ ಎಳೆದು, ಅಲ್ಲಿಗೆ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆಗಳು. ಮೊದಲನೆಯದು ಓದಿದೆ: ರಾತ್ರಿ ನೀರು ಕುಡಿಯಲಿಕ್ಕೆ ರೂಮಿನಿಂದ ಹೊರಗೆ ಬರಲು ಬಿಡುತ್ತಾರೋ ಇಲ್ಲವೋ?

ಹೆಂಡತಿ ವಹಿ ಇಸಕೊಂಡು ಓದಿ ನನ್ನ ಮುಖ ನೋಡಿದಳು. ಮುಂದಿನ ರವಿವಾರ ಮತ್ತೆ ಕೂಡೋಣ ಅಂದೆ. ಅಷ್ಟರಲ್ಲಿ ಮಗಳು ಫೋನ್ ಮಾಡಿ ಕೇಳಿಟ್ಟಿರುತ್ತಾಳೆ.