ಪಂಚಾಶತ್ತಮ ಹಬ್ಬ ಆಯಿತು, ಮುಂದೆ?

ಈಸ್ಟರ್‌ನಿಂದ ಎಣಿಸಿದರೆ 50ನೇ ದಿನ ಪಂಚಾಶತ್ತಮ ಹಬ್ಬ, ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದ ದಿನದ ನೆನಪು. ಅವತ್ತು ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೇರೆಯೇ ಹುರುಪು. ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯ ಓದುತ್ತೇವೆ: ಗಾಳಿಯ ಸದ್ದು, ಬೆಂಕಿಯ ನಾಲಿಗೆಗಳು, ಪೇತ್ರನ ಪ್ರಸಂಗ, ಒಂದೇ ದಿನ ಸುಮಾರು 3,000 ಜನ ಸಭೆಗೆ ಸೇರಿದ್ದು. ಅಲ್ಲಿಗೆ ಬೈಬಲ್ ಮುಚ್ಚಿಬಿಡುತ್ತೇವೆ. ನನಗೋ ಆ ಅಧ್ಯಾಯದ ಕೊನೇ ಆರು ವಚನಗಳ ಮೇಲೇ ಕಣ್ಣು. ಅಷ್ಟೊಂದು ಜನ ಬಂದರಲ್ಲ, ಮಾರನೇ ದಿನದಿಂದ ಅವರು ಮಾಡಿದ್ದೇನು? ಬೋಧನೆ ಕೇಳಿದರು, ಅನ್ಯೋನ್ಯವಾಗಿದ್ದರು, ರೊಟ್ಟಿ ಮುರಿದರು, ಪ್ರಾರ್ಥಿಸಿದರು. ಇದ್ದದ್ದನ್ನು ಮಾರಿ, ಇಲ್ಲದವರಿಗೆ ಕೊಟ್ಟರು. ಮನೆಮನೆಯಲ್ಲಿ ಒಟ್ಟಿಗೆ ಊಟ ಮಾಡಿದರು. ರಕ್ಷಣೆ ಹೊಂದುವವರನ್ನು ಕರ್ತನು ದಿನದಿನವೂ ಸೇರಿಸುತ್ತಿದ್ದ ಅಂತ ಈ ಪುಸ್ತಕದ ಲೇಖಕ ಲೂಕ ಬರೆಯುವುದು ಈ ಊಟದ ಮಾತಿನ ಬೆನ್ನಿಗೇ.

ನಮ್ಮಲ್ಲಿ ಸುವಾರ್ತಾಸೇವೆ (ಯೇಸುವಿನ ಸುದ್ದಿ ಸಾರುವ ಕೆಲಸ) ಅಂದರೆ ವರ್ಷಕ್ಕೊಂದು ಭಾನುವಾರ, ವಿಶೇಷ ಕಾಣಿಕೆ, ದೂರದಿಂದ ಬಂದವರೊಬ್ಬರ ಸಾಕ್ಷಿ. ಅದು ಬೇಡ ಅಂತಲ್ಲ, ಕಾಣಿಕೆ ಹಾಕೋಣ. ಆದರೆ ಕಾಣಿಕೆ ಹಾಕಿದ ಕೂಡಲೇ ನಮ್ಮ ಪಾಲು ತೀರಿತು ಅನ್ನೋ ನೆಮ್ಮದಿ ಬರುತ್ತದಲ್ಲ, ನನಗೆ ಅದರ ಮೇಲೇ ಅನುಮಾನ.

ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೋಡಿ. ಸಭೆ ಬೆಳೆಯುತ್ತಿದೆ, ಜೊತೆಗೇ ಗೊಣಗಾಟವೂ ಶುರುವಾಗಿದೆ. ಗ್ರೀಕ್ ಭಾಷೆಯ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಬಿಟ್ಟುಬಿಡುತ್ತಿದ್ದಾರೆ ಅನ್ನೋದು ದೂರು. ಪವಿತ್ರಾತ್ಮ ಇಳಿದುಬಂದ ಸಭೆಯಲ್ಲೇ ‘ನಮ್ಮವರು, ನಿಮ್ಮವರು’! (ಓದುವಾಗ ಸ್ವಲ್ಪ ಸಮಾಧಾನವೂ ಆಗುತ್ತದೆ, ನಮ್ಮ ಸಭೆಗಳೇನೂ ಹೊಸ ಜಗಳ ಕಂಡುಹಿಡಿದಿಲ್ಲ.) ಸಭೆಯ ಮುಂದಾಳುಗಳಾದ ಅಪೊಸ್ತಲರು ಅವರ ಬಾಯಿ ಮುಚ್ಚಿಸಲಿಲ್ಲ, ‘ಪ್ರಾರ್ಥನೆ ಮಾಡಿ, ಸರಿಹೋಗುತ್ತದೆ’ ಅಂತ ಸಾಗಹಾಕಲೂ ಇಲ್ಲ. ಏಳು ಜನರನ್ನು ಆರಿಸಿ ಅಂದರು. ಊಟ ಹಂಚುವ ಕೆಲಸಕ್ಕೆ ಇಟ್ಟ ಷರತ್ತೇನು ಗೊತ್ತಾ? ಒಳ್ಳೇ ಹೆಸರಿರಬೇಕು, ಪವಿತ್ರಾತ್ಮಭರಿತರಾಗಿರಬೇಕು, ಜ್ಞಾನ ಇರಬೇಕು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳೇ. ದೂರು ಬಂದ ಕಡೆಯವರ ಕೈಗೇ ಹಂಚಿಕೆ ಕೊಟ್ಟಂತೆ ಕಾಣುತ್ತದೆ. ಇದೆಲ್ಲ ಆದಮೇಲೆ ಬರುವ ವಚನ: ದೇವರ ವಾಕ್ಯ ಹಬ್ಬಿತು, ಶಿಷ್ಯರ ಸಂಖ್ಯೆ ಬಹಳ ಹೆಚ್ಚಿತು, ಯಾಜಕರಲ್ಲೂ ಎಷ್ಟೋ ಜನ ನಂಬಿದರು.

ಆ ಸಾಲುಗಳು ಅಕ್ಕಪಕ್ಕ ಇರುವುದು ಸುಮ್ನೆ ಅಲ್ಲ ಅನ್ನಿಸುತ್ತದೆ. ಸಭೆಯ ಲೆಕ್ಕ ನೋಡುವವರು, ಕುರ್ಚಿ ಹಾಕುವವರು, ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ರಾತ್ರಿ ಕೂರುವವರು, ಇವರ ಕೆಲಸ ಸುವಾರ್ತೆಯ ಹೊರಗಿನದಲ್ಲ. ಹೊಸಬರೊಬ್ಬರು ಕೊನೇ ಬೆಂಚಿನಲ್ಲಿ ಕೂತು, ಯಾರೂ ಮಾತಾಡಿಸದೆ ಎದ್ದುಹೋದರೆ ಆ ದಿನದ ಪ್ರಸಂಗ ಎಷ್ಟು ಚೆನ್ನಾಗಿದ್ದರೂ ಅವರಿಗೆ ತಲುಪಿದ್ದು ಬೇರೆಯೇ ಸುದ್ದಿ, ಅಲ್ವಾ? ಚಿನ್ನದ ಉಂಗುರದವನಿಗೆ ಒಳ್ಳೇ ಜಾಗ, ಕೊಳಕು ಬಟ್ಟೆಯ ಬಡವನಿಗೆ ‘ಅಲ್ಲೇ ನಿಂತ್ಕೋ’ ಅನ್ನೋದರ ಬಗ್ಗೆ ಯಾಕೋಬ ತನ್ನ ಪತ್ರದಲ್ಲಿ ಎಷ್ಟು ಖಾರವಾಗಿ ಬರೆದಿದ್ದಾನೆ ಅಂತ 2ನೇ ಅಧ್ಯಾಯ ತೆಗೆದು ನೋಡಿ.

ಇನ್ನೊಂದು ಕಡೆಯಿಂದಲೂ ಜಾರಿಕೊಳ್ಳುತ್ತೇವೆ. ‘ನನ್ನ ಜೀವನವೇ ಸಾಕ್ಷಿ, ಬಾಯಿಬಿಟ್ಟು ಹೇಳಬೇಕಾಗಿಲ್ಲ’ ಅನ್ನುತ್ತೇವೆ. ಕೇಳೋಕೆ ಚೆನ್ನಾಗಿದೆ, ಅನುಕೂಲವೂ ಇದೆ. ನಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಅಂತ ಪೇತ್ರ ಬರೆಯುತ್ತಾನೆ, ಅದೂ ಸೌಮ್ಯವಾಗಿ, ಮರ್ಯಾದೆಯಿಂದ. ಯಾರಾದರೂ ಕೇಳಬೇಕಾದರೆ ಕೇಳುವಂಥದ್ದೇನೋ ನಮ್ಮಲ್ಲಿ ಕಾಣಬೇಕು, ಅದು ಸರಿ. ಕೇಳಿದಾಗ ಯೇಸುವಿನ ಹೆಸರು ಹೇಳಲು ನಾಚಿಕೆಪಟ್ಟರೆ ಅದಕ್ಕೆ ಏನನ್ನೋಣ?

ಆ ಏಳು ಜನರಲ್ಲಿ ಒಬ್ಬನಾದ ಸ್ತೆಫನನು ಸತ್ತ ಮೇಲೆ ಹಿಂಸೆ ಬಂದಾಗ ಅಪೊಸ್ತಲರು ಯೆರೂಸಲೇಮಿನಲ್ಲೇ ಉಳಿದರು. ಚದುರಿಹೋದವರು ಸಾಮಾನ್ಯ ವಿಶ್ವಾಸಿಗಳು, ಹೋದಲ್ಲೆಲ್ಲ ವಾಕ್ಯ ಸಾರಿದವರೂ ಅವರೇ. ಕುಪ್ರ (ಈಗಿನ ಸೈಪ್ರಸ್) ಮತ್ತು ಉತ್ತರ ಆಫ್ರಿಕಾದ ಕುರೇನೆಯ ಕೆಲವರು ಸಿರಿಯಾದ ಅಂತಿಯೋಕ್ಯ ಪಟ್ಟಣಕ್ಕೆ ಬಂದು ಗ್ರೀಕರ ಜೊತೆಗೂ ಮಾತಾಡಿದರು. ಅವರ ಹೆಸರು ಅಲ್ಲಿ ಬರೆದಿಲ್ಲ. ಯೇಸುವಿನ ಶಿಷ್ಯರಿಗೆ ಕ್ರೈಸ್ತರು ಅನ್ನುವ ಹೆಸರು ಮೊದಲು ಬಂದದ್ದು ಅದೇ ಊರಲ್ಲಿ. ಬರಗಾಲದ ಸುದ್ದಿ ಕೇಳಿ ಯೂದಾಯದ ಸಹೋದರರಿಗೆ ತಮ್ಮ ಶಕ್ತಿಗೆ ತಕ್ಕಷ್ಟು ಹಣ ಕಳಿಸಿದ್ದೂ ಆ ಸಭೆಯೇ. ಆ ಹಣ ಒಯ್ದವರು ಬಾರ್ನಬ ಮತ್ತು ಸೌಲ (ಪೌಲ ಅಂತ ನಾವು ಕರೆಯುವವನು). ಇಬ್ಬರನ್ನೂ ಉಪವಾಸ, ಪ್ರಾರ್ಥನೆ ಮಾಡಿ ದೂರದ ಸೇವೆಗೆ ಕಳಿಸಿಕೊಟ್ಟದ್ದು ಅದಾದ ಮೇಲೆ, ಅಪೊಸ್ತಲರ ಕೃತ್ಯಗಳ 13ನೇ ಅಧ್ಯಾಯದಲ್ಲಿ.

ಹಾಗಾಗಿ ಸಭೆಯ ಕಮಿಟಿಯಲ್ಲಿ ಸುವಾರ್ತಾಸೇವೆಯ ವರದಿ ಓದುವಾಗ ಕಾಣಿಕೆಯ ಮೊತ್ತದ ಜೊತೆ ಇನ್ನೂ ಕೆಲವು ಸಾಲು ಸೇರಿಸಬಹುದು. ಈ ತಿಂಗಳು ಹೊಸದಾಗಿ ಬಂದವರ ಮನೆಗೆ ಯಾರು ಹೋದರು? ಬರೋದು ನಿಲ್ಲಿಸಿದವರನ್ನು ಯಾರು ವಿಚಾರಿಸಿದರು? ಸಹಾಯದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ಅದನ್ನು ಅವರೇ ಬಂದು ಹೇಳುವಷ್ಟು ಧೈರ್ಯ ನಾವು ಕೊಟ್ಟಿದ್ದೇವಾ?