ಆರ್ಮಿಡೇಲ್‌ನಲ್ಲಿ ಸೌದೆಯ ಕಾಲ

ಕ್ಯಾಲೆಂಡರಿನ ಪ್ರಕಾರ ಆಸ್ಟ್ರೇಲಿಯಾದಲ್ಲಿ ಚಳಿಗಾಲ ಶುರುವಾಗುವುದು ಜೂನ್ 1ರಂದು. ನಮ್ಮ ಬೀದಿಯವರು ಅಷ್ಟು ದಿನ ಕಾಯುವುದಿಲ್ಲ. ಯುದ್ಧದಲ್ಲಿ ಮಡಿದ ಯೋಧರನ್ನು ನೆನೆಯುವ ಏಪ್ರಿಲ್ 25ರ ಆನ್ಜಾಕ್ ದಿನ ಕಳೆಯಿತೆಂದರೆ ಒಂದೊಂದೇ ಮನೆಯ ಚಿಮಣಿಯಲ್ಲಿ ಹೊಗೆ ಕಾಣಿಸುತ್ತದೆ, ಸಂಜೆಯ ಗಾಳಿಗೆ ನೀಲಗಿರಿ ಜಾತಿಯ ಮರ ಸುಡುವ ವಾಸನೆ ಸೇರುತ್ತದೆ. ಆ ವಾಸನೆ ಮೂಗಿಗೆ ಬಿದ್ದ ದಿನ ನಾನು ಪೆಟ್ಟಿಗೆಯಿಂದ ಉಣ್ಣೆಯ ಬಟ್ಟೆಗಳನ್ನು ಹೊರತೆಗೆಯುತ್ತೇನೆ.

ಆರ್ಮಿಡೇಲ್ ಸಿಡ್ನಿಯಿಂದ ಉತ್ತರಕ್ಕೆ, ರೈಲಿನಲ್ಲಿ ಸುಮಾರು ಎಂಟು ಗಂಟೆಯ ದಾರಿ. ವಿಶ್ವವಿದ್ಯಾಲಯ, ಕುರಿ ಮತ್ತು ದನ ಸಾಕುವ ಹುಲ್ಲುಗಾವಲುಗಳು, ಎರಡು ಹೆಜ್ಜೆಗೊಬ್ಬರು ಪರಿಚಿತರು ಸಿಗುವ ಪೇಟೆಬೀದಿ. ಸಮುದ್ರಮಟ್ಟದಿಂದ ಸುಮಾರು 980 ಮೀಟರ್ ಎತ್ತರದಲ್ಲಿದೆ ಎಂದು ಹೇಳಿದಾಗ ಅಮ್ಮ, "ಹಾಗಾದರೆ ಬೆಂಗಳೂರಿನಂತೆಯೇ ಇರಬೇಕು" ಎಂದಿದ್ದರು. ಎತ್ತರ ಹೆಚ್ಚು ಕಡಿಮೆ ಅಷ್ಟೇ, ನಿಜ. ಆದರೆ ಬೆಂಗಳೂರು ಸಮಭಾಜಕ ವೃತ್ತದಿಂದ 13 ಡಿಗ್ರಿ ದೂರದಲ್ಲಿದ್ದರೆ ಈ ಊರು ದಕ್ಷಿಣಕ್ಕೆ 30 ಡಿಗ್ರಿ ದೂರದಲ್ಲಿದೆ. ಜುಲೈ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ, ಎಷ್ಟೋ ದಿನ ಇನ್ನೂ ಕೆಳಕ್ಕೆ. ಹಿಮ ಬೀಳುವುದು ಅಪರೂಪ. ಸುಮಾರು 1,300 ಮೀಟರ್ ಎತ್ತರದ ಪಕ್ಕದ ಊರು ಗೈರಾದಲ್ಲಿ ಬಿತ್ತು ಎಂಬ ಸುದ್ದಿ ಬಂದರೆ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ಹೋಗಿ ನೋಡಿ ಬರುತ್ತಾರೆ. ನಮ್ಮ ಪಾಲಿಗೆ ದಿನನಿತ್ಯದ್ದು ಹೆಪ್ಪುಗಟ್ಟಿದ ಇಬ್ಬನಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಬೆಳಿಗ್ಗೆ ಎದ್ದರೆ ಹುಲ್ಲು ಬೆಳ್ಳಗೆ, ಕಾಲಿಟ್ಟರೆ ಕರಕರ ಸದ್ದು. ಕಾರಿನ ಗಾಜಿನ ಮೇಲೆ ಪದರಗಟ್ಟಿದ್ದನ್ನು ಕೆರೆದು ತೆಗೆಯದೆ ಹೊರಡುವಂತಿಲ್ಲ. ಬಿಸಿನೀರು ಸುರಿದರೆ ಗಾಜು ಬಿರುಕು ಬಿಡಬಹುದು. ತೋಟದ ನಲ್ಲಿ ತಿರುಗಿಸಿದರೆ ಒಂಬತ್ತು ಗಂಟೆಯವರೆಗೂ ನೀರಿಲ್ಲ.

ಮನೆ ಹುಡುಕುವಾಗ ಉತ್ತರಕ್ಕೆ ಕಿಟಕಿ ಇದೆಯೇ ಎಂದು ನೋಡುವುದನ್ನೂ ಇಲ್ಲಿಯೇ ಕಲಿತೆ. ಭೂಗೋಳದ ಈ ಅರ್ಧದಲ್ಲಿ ಚಳಿಗಾಲದ ಸೂರ್ಯ ಉತ್ತರಕ್ಕೆ ವಾಲಿಕೊಂಡು ಸಾಗುತ್ತಾನೆ. ನಮ್ಮ ಮನೆಯ ಉತ್ತರದ ಕೋಣೆಯಲ್ಲಿ ಮಧ್ಯಾಹ್ನ ನೆಲದ ಮೇಲೆ ಚಾಪೆಯಗಲದ ಬಿಸಿಲು ಬೀಳುತ್ತದೆ. ರಜಾದಿನಗಳಲ್ಲಿ ನಾವೆಲ್ಲ ಅದರೊಂದಿಗೇ ಜರುಗುತ್ತಾ ಕೂರುತ್ತೇವೆ. ಐದು ಗಂಟೆಗೆ ಅದೂ ಮುಗಿಯುತ್ತದೆ. ಹಲಗೆ ಗೋಡೆಯ ಹಳೆಯ ಮನೆ, ಕದದ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಆಮೇಲೆ ಬೆಂಕಿಯೇ ಗತಿ.

ಇಲ್ಲಿನ ಒಲೆ ಅಡುಗೆಯದಲ್ಲ. ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆ, ಅದರಿಂದ ಮಾಡಿನಾಚೆಗೆ ಹೋಗುವ ಕೊಳವೆ. ಮೊದಲ ವರ್ಷ ನಾನು ಮೇ ಕೊನೆಯಲ್ಲಿ ಸೌದೆ ತರಿಸಿದೆ. 'ಯೂಟ್' ಎಂದು ಇವರು ಕರೆಯುವ ವಾಹನದ ಹಿಂಬದಿಯಿಂದ ಒಂದು ಟನ್ ಸೌದೆ ಅಂಗಳಕ್ಕೆ ಬಿತ್ತು. ಅರ್ಧಕ್ಕರ್ಧ ಹಸಿ. ಹಚ್ಚಿದರೆ ಚುಂಯ್ ಎಂದು ತುದಿಯಲ್ಲಿ ನೀರು ಜಿನುಗುತ್ತಿತ್ತು. ಮಲೆನಾಡಿನಲ್ಲಿ ಹುಟ್ಟಿದವನು ನಾನು. ಮಳೆ ಹಿಡಿಯುವ ಮೊದಲೇ ಕೊಟ್ಟಿಗೆಯ ತುಂಬ ಒಣಸೌದೆ ಪೇರಿಸಿಡದ ಮನೆ ನಮ್ಮಲ್ಲಿ ಇರಲಿಲ್ಲ. ಆ ತಿಳಿವಳಿಕೆಯನ್ನು ವಿಮಾನ ಹತ್ತುವಾಗ ಬಿಟ್ಟು ಬಂದಿದ್ದೆನೇ ಎಂದು ಬೇಸರವಾಯಿತು. ಪಕ್ಕದ ಮನೆಯ ಅಜ್ಜ ಬಂದು ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ತೋರಿಸಿದರು. ಒಣಗಿದ್ದು ಟಣ್ಣೆನ್ನುತ್ತದೆ, ಹಸಿಯದು ಮಂಕಾಗಿ ಸದ್ದು ಮಾಡುತ್ತದೆ. ಈಗ ನಾವು ಮುಂದಿನ ವರ್ಷದ ಸೌದೆಯನ್ನು ಈ ಬೇಸಿಗೆಯಲ್ಲೇ ಕೊಂಡು ಒಟ್ಟಿಡುತ್ತೇವೆ.

ಆದರೆ ಹೊಗೆಯ ಮಾತನ್ನು ಹೇಳದೆ ಈ ಬೆಂಕಿಯನ್ನು ಹೊಗಳುವುದು ಸರಿಯಲ್ಲ. ಆರ್ಮಿಡೇಲ್ ಕೂತಿರುವುದು ತಗ್ಗಿನಲ್ಲಿ. ಚಳಿಯ ರಾತ್ರಿ ತಂಪುಗಾಳಿ ಕೆಳಗೆ ಇಳಿದು ನಿಲ್ಲುತ್ತದೆ, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಸಾವಿರಾರು ಚಿಮಣಿಗಳ ಹೊಗೆ ಮೇಲೇಳಲಾರದೆ ಮನೆಗಳ ನಡುವೆಯೇ ಹರಡಿಕೊಳ್ಳುತ್ತದೆ. ಬೆಳಗಿನವರೆಗೂ ಕೆಂಡ ಉಳಿಯಲಿ ಎಂದು ಮಲಗುವಾಗ ಒಲೆಯ ಗಾಳಿಕಿಂಡಿ ಮುಚ್ಚುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ನನಗೂ ಇತ್ತು. ಗಾಳಿ ಸಾಲದೆ ಮಂದವಾಗಿ ಉರಿಯುವ ಸೌದೆಯೇ ಅತಿ ಹೆಚ್ಚು ಹೊಗೆ ಕಾರುವುದು. ಎದುರು ಮನೆಯ ಮಗುವಿಗೆ ಉಬ್ಬಸ. ಜೂನ್, ಜುಲೈ ಪೂರ್ತಿ ಆ ಮನೆಯ ಕಿಟಕಿಗಳು ತೆರೆಯುವುದಿಲ್ಲ ಎಂದು ಅದರ ತಾಯಿ ಒಂದು ದಿನ ಹೇಳಿದರು. ನನ್ನ ಮೇಲೆ ದೂರಿನ ದನಿಯೇನೂ ಇರಲಿಲ್ಲ, ಅದಕ್ಕೇ ಮನಸ್ಸಿಗೆ ಹೆಚ್ಚು ನಾಟಿತು. ಗ್ಯಾಸ್ ಬರುವವರೆಗೆ ಅಮ್ಮ ಅಡುಗೆಮನೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಊದುಕೊಳವೆ ಊದುತ್ತಿದ್ದುದನ್ನು ಕಂಡು ಬೆಳೆದ ನಾನು, ಇಲ್ಲಿ ಇನ್ನೊಬ್ಬರ ಮಗುವಿಗೆ ಹೊಗೆ ಕುಡಿಸುತ್ತಿದ್ದೆ.

ಅಂದಿನಿಂದ ಕಿಂಡಿ ಮುಚ್ಚಿಲ್ಲ. ಸಣ್ಣ ತುಂಡುಗಳು, ಚುರುಕಾದ ಉರಿ, ಹತ್ತು ಗಂಟೆಯ ಹೊತ್ತಿಗೆ ತಾನಾಗಿ ಆರಲು ಬಿಡುವುದು. ಬೆಳಿಗ್ಗೆ ಮನೆಯೊಳಗೆ ಉಸಿರು ಆವಿಯಾಗಿ ಕಾಣುತ್ತದೆ, ಹಾಸಿಗೆಯಡಿಯ ವಿದ್ಯುತ್ ಕಂಬಳಿಯಿಂದ ಏಳುವುದು ನಿಜವಾಗಿಯೂ ಕಷ್ಟ. ಆಗಲಿ.

ನಿನ್ನೆ ರಾತ್ರಿ ಒಲೆ ಹಚ್ಚಿ ಕಾಲು ಗಂಟೆಯ ಮೇಲೆ, ಎಂದಿನಂತೆ ಅಂಗಳಕ್ಕೆ ಹೋಗಿ ನಿಂತೆ. ಫೋನಿನಲ್ಲಿ ಅಮ್ಮ ಇದ್ದರು. ಅಲ್ಲಿ ಮೊದಲ ಮಳೆ ಹಿಡಿದು ಹೆಂಚಿನ ಮೇಲಿನ ಸದ್ದು ನನಗೂ ಕೇಳುತ್ತಿತ್ತು. "ಅಷ್ಟು ಚಳಿಯಲ್ಲಿ ಹೊರಗೇನು ಮಾಡುತ್ತಿದ್ದೀಯ?" ಎಂದರು.

"ಹೊಗೆ ಬರುತ್ತಿದೆಯೋ ನೋಡುತ್ತಿದ್ದೇನೆ ಅಮ್ಮ."

"ಬರುತ್ತಿದೆಯೇ?"

ಕೊಳವೆಯ ಬಾಯಿಯ ಮೇಲೆ ಗಾಳಿ ಕಾವಿಗೆ ಸ್ವಲ್ಪ ನಡುಗುತ್ತಿತ್ತು. ಅದರಾಚೆ ನಕ್ಷತ್ರಗಳು ಸ್ಪಷ್ಟವಾಗಿದ್ದವು. ಇಲ್ಲ ಎಂದೆ.