ಸೈಲೆಂಟ್ ಬರ್ನರ್ ಕೆಟ್ಟ ಕತೆ

ಮಂಗಳವಾರದಿಂದ ಒಂದು ಮಾತು ತಲೆಯಲ್ಲೇ ಕೂತುಬಿಟ್ಟಿದೆ. "ಅದರ ಬಾಯಿ ಯಾಕೋ ಮುಚ್ಚಿಸ್ದೆ?" ಕೇಳಿದ್ದು ದೊಡ್ಡಮ್ಮ. ಕೇಳಿದ್ದು ಒಂದು ಸ್ಟವ್ ಬಗ್ಗೆ.

ಶನಿವಾರದಿಂದ ಹೇಳಬೇಕು. ಸಕಲೇಶಪುರದ ಆಚೆ, ಹೆತ್ತೂರು ಕಡೆ ಗೆಳೆಯನ ತೋಟ ಇದೆ. ವರ್ಷಕ್ಕೊಂದು ಸಲ ನಾವು ನಾಲ್ಕು ಜನ ಅಲ್ಲಿ ಟೆಂಟ್ ಹಾಕುತ್ತೇವೆ. ತೋಟದ ಮನೆಯಲ್ಲಿ ಒಳ್ಳೆ ಮಂಚ, ಬಿಸಿನೀರು ಎಲ್ಲಾ ಇದೆ. ಅದನ್ನು ಬಿಟ್ಟು ಕೆರೆ ಏರಿ ಹತ್ತಿರ ಚಳಿಯಲ್ಲಿ ನಡುಗುತ್ತಾ ಮಲಗುವುದು ಯಾಕೆ ಅಂತ ಗೆಳೆಯನ ಹೆಂಡತಿ ಪ್ರತಿ ವರ್ಷ ಕೇಳುತ್ತಾರೆ. ನಮ್ಮ ಹತ್ತಿರ ಉತ್ತರ ಇಲ್ಲ.

ಈ ಸಲದ ಹೊಸ ಆಟಿಕೆ ಅಂದರೆ ಗೆಳೆಯನ ಭಾವ ಅಮೆರಿಕದಿಂದ ತಂದುಕೊಟ್ಟ ಸ್ಟವ್. ಮಡಚಿದರೆ ಅಂಗೈಯಲ್ಲಿ ಕೂರುತ್ತೆ. ಪಕ್ಕಕ್ಕೊಂದು ಕೆಂಪು ಬಾಟಲಿ, ಬಾಟಲಿಯ ಬಾಯಿಗೆ ಪಂಪು, ಮಧ್ಯೆ ತೆಳ್ಳಗಿನ ಪೈಪು. ಅಲ್ಲಿನವರು ಇದಕ್ಕೆ ವೈಟ್ ಗ್ಯಾಸ್ ಅನ್ನುವ ಶುದ್ಧ ಎಣ್ಣೆ ಹಾಕುತ್ತಾರಂತೆ. ಇವನು ಬೈಕಿನಿಂದ ಪೆಟ್ರೋಲ್ ಇಳಿಸಿ ಹಾಕಿದ. ಇವನ ಸ್ವಭಾವವೇ ಹಾಗೆ. ಸಾಮಾನಿಗೆ ಎಷ್ಟು ಬೇಕಾದರೂ ಖರ್ಚು ಮಾಡುತ್ತಾನೆ, ಅದಕ್ಕೆ ಹಾಕೋದು ಮಾತ್ರ ಕೈಗೆ ಸಿಕ್ಕಿದ್ದು.

ಇಪ್ಪತ್ತು ಸಲ ಪಂಪ್ ಹೊಡೆದು, ಬರ್ನರ್ ಕೆಳಗಿನ ಬಟ್ಟಲಿಗೆ ಸ್ವಲ್ಪ ಎಣ್ಣೆ ಬಿಟ್ಟು ಕಡ್ಡಿ ಗೀರಿದ. ಮೊದಲು ಹಳದಿ ಬೆಂಕಿ ಅಲ್ಲಾಡಿತು, ಹೊಗೆ ಬಂತು. ಪೈಪು ಕಾಯುವವರೆಗೆ ಅಷ್ಟೇ. ಆಮೇಲೆ ಗುಟುಕ್ ಅಂತ ಎರಡು ಸಲ ಕೆಮ್ಮಿ, ಬೆಂಕಿ ನೀಲಿಯಾಗಿ, ಭೋರ್ ಅಂತ ಶುರುವಾಯಿತು ನೋಡಿ! ಪಕ್ಕದಲ್ಲಿ ಕೂತವನಿಗೂ ಕೂಗಿ ಹೇಳಬೇಕು. "ಉಪ್ಪು ಎಲ್ಲಿ?" ಅಂದರೆ "ಹೌದು ಹೌದು" ಅನ್ನುತ್ತಿದ್ದಾರೆ. ನನಗಂತೂ ಆ ಸದ್ದಿನ ಜೊತೆ ನಮ್ಮ ಹಳೇ ಮನೆಯ ಅಡುಗೆಮನೆ, ಹಿತ್ತಾಳೆ ಪಂಪ್ ಸ್ಟವ್ವು, ಸೀಮೆಎಣ್ಣೆ ವಾಸನೆ ಎಲ್ಲಾ ಒಟ್ಟಿಗೇ ಬಂತು.

ಎರಡೂ ಒಂದೇ ಜಾತಿ. 1892ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಲಿಂಡ್‌ಕ್ವಿಸ್ಟ್ ಅನ್ನುವವರು ಮಾಡಿದ ಪ್ರೈಮಸ್ ಸ್ಟವ್ವಿನ ವಂಶ. 1953ರಲ್ಲಿ ಎವರೆಸ್ಟ್ ತುದಿಗೆ ಹೊರಡುವ ಬೆಳಗ್ಗೆ ಹಿಲರಿ ತಮ್ಮ ಹೆಪ್ಪುಗಟ್ಟಿದ ಬೂಟನ್ನು ಮೆತ್ತಗೆ ಮಾಡಿಕೊಂಡಿದ್ದೂ ಪ್ರೈಮಸ್ ಬೆಂಕಿಯಲ್ಲೇ. ತೇನ್‌ಸಿಂಗ್ ಪಕ್ಕದಲ್ಲಿ ಕೂತು ಏನಾದರೂ ಅಂದಿದ್ದರೂ ಅವರಿಗೆ ಕೇಳಿಸಿರೋದು ಡೌಟು.

ಸದ್ದು ಎಲ್ಲಿಂದ ಬರುತ್ತೆ ಅಂತ ನನಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಎಣ್ಣೆ ಬಿಸಿ ಪೈಪಿನಲ್ಲಿ ಆವಿಯಾಗುತ್ತೆ. ಆ ಆವಿ ಹೊರಗೆ ಬರೋದು ಸೂಜಿಮೊನೆಯಂಥ ತೂತಿನಿಂದ, ಹತ್ತಿರ ಹತ್ತಿರ 0.3 ಮಿಲಿಮೀಟರ್. ಅಷ್ಟು ಸಣ್ಣ ತೂತಿನಿಂದ ನುಗ್ಗಿದ್ದು ಮೇಲಿನ ತಟ್ಟೆಗೆ ಬಡಿಯುತ್ತೆ, ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಗಿರಗಿರ ಸುತ್ತುತ್ತಾ ಉರಿಯುತ್ತೆ. ಆ ಗಲಾಟೆಯೇ ಸದ್ದು. ಇದಕ್ಕೆ ಮದ್ದೂ ಹಳೇದೇ. ತಟ್ಟೆಯ ಜಾಗಕ್ಕೆ ಮೈತುಂಬ ಸಣ್ಣ ತೂತಿರುವ ಟೋಪಿ ಹಾಕಿದರೆ ಗಾಳಿಯೂ ಆವಿಯೂ ಒಳಗೇ ಬೆರೆತು ಮೆಲ್ಲಗೆ ಹೊರಗೆ ಬರುತ್ತವೆ. ಸದ್ದು ಉಸ್ ಅನ್ನುವಷ್ಟಕ್ಕೆ ಇಳಿಯುತ್ತೆ. ನಮ್ಮ ಊರಿನ ಸ್ಟವ್ ರಿಪೇರಿಯವರು ಇದನ್ನೇ ಸೈಲೆಂಟ್ ಬರ್ನರ್ ಅನ್ನುತ್ತಿದ್ದರು. ಒಂದೇ ತೊಂದರೆ, ಗಾಳಿ ಬೀಸಿದರೆ ಪಾಪ ಬೇಗ ಸೋಲುತ್ತೆ.

ಭಾವ ಅಂಥದ್ದೊಂದು ಟೋಪಿಯನ್ನೂ ಕಳಿಸಿದ್ದರು. ಇವನು ಹಾಕಿರಲಿಲ್ಲ. "ಸದ್ದಿದ್ರೇನೇ ಮಜಾ ಕಣೋ" ಅಂದ. ಅರ್ಧ ಗಂಟೆಯ ಮೇಲೆ ಮೊಬೈಲ್ ಸ್ಪೀಕರಿನ ಹಾಡು ಕೇಳುತ್ತಿಲ್ಲ ಅಂತ ಸ್ಟವ್ವಿಗೆ ಬೈದವನೂ ಅವನೇ.

ನೀರು ಇನ್ನೂ ಕುದಿ ಬಂದಿರಲಿಲ್ಲ. ಯಾರೋ ನನ್ನ ಹೆಗಲು ಮುಟ್ಟಿದರು. ಹಾರಿಬಿದ್ದೆ. ತೋಟದ ರೈಟರು, ಅಂದರೆ ಆಳು-ಕೆಲಸದ ಲೆಕ್ಕ ನೋಡಿಕೊಳ್ಳುವವರು. ಟಾರ್ಚ್ ಆರಿಸಿಕೊಂಡು ನಮ್ಮ ಹಿಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದರೋ ಏನೋ.

"ಅದನ್ನ ಆಫ್ ಮಾಡಿ ಸಾರ್. ಏನೂ ಕೇಳ್ತಿಲ್ಲ."

ಆಫ್ ಮಾಡಿದೆವು. ಈ ಥರದ ಸ್ಟವ್ವು ತಕ್ಷಣ ನಿಲ್ಲುವುದಿಲ್ಲ, ಪೈಪಿನಲ್ಲಿ ಉಳಿದಿದ್ದು ಮುಗಿಯುವವರೆಗೆ ಪುಸಪುಸ ಅನ್ನುತ್ತಾ ಇರುತ್ತೆ. ಅದೂ ನಿಂತಿತು. ಆಗ ಕೇಳಿಸಿತು. ಕೆರೆಯ ಆಚೆ, ಗದ್ದೆಯ ಅಂಚಿನಲ್ಲಿ, ಬಿದಿರು ಲಟಲಟ ಮುರಿಯುವ ಸದ್ದು. ಆಮೇಲೆ ಏನೂ ಇಲ್ಲ. ಮತ್ತೆ ಒಂದು ಲಟಕ್.

"ಮೂರಿದಾವೆ," ಅಂದರು ರೈಟರು. "ಸಂಜೆನೇ ಮೆಸೇಜ್ ಬಂದಿತ್ತು. ನಿಮ್ಮ ಫೋನಿಗೆ ಬರ್ಲಿಲ್ವಾ?"

ನಮ್ಮ ಫೋನು ಹಾಡು ಹಾಡುತ್ತಿತ್ತು.

ಆನೆ ನಡೆದರೆ ಕೇಳುವುದಿಲ್ಲ. ಅಷ್ಟು ದೊಡ್ಡ ಮೈ, ಪಾದ ಮಾತ್ರ ದಿಂಬಿನ ಥರ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದವರು ಬದುಕಿರುವುದೇ ಕಿವಿಯಿಂದ. ಕೊಂಬೆ ಮುರಿದಿದ್ದು, ಕಿವಿ ಬಡಿದಿದ್ದು, ಹೊಟ್ಟೆಯ ಗುರುಗುಟ್ಟು, ನಾಯಿ ಬೊಗಳುವ ರೀತಿ. ಭತ್ತ ಹಣ್ಣಾಗಿರುವ ಕಾಲ, ಕಾಫಿ ಕೊಯ್ಲೂ ಶುರು, ಬೆಳಗಿನ ಜಾವ ಮಬ್ಬಿನಲ್ಲಿ ಹೆಂಗಸರು ಕೂಲಿಯವರ ಲೈನ್ ಮನೆಯಿಂದ ಹೊರಡುತ್ತಾರೆ. ನಾವು ಪೇಟೆಯಿಂದ ಬಂದು ಅಂಥ ಜಾಗದಲ್ಲಿ ಭೋರ್ ಅನ್ನುವ ಯಂತ್ರ ಹಚ್ಚಿ ಕೂತಿದ್ದೆವು. ರೈಟರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ನೆ ಜೀಪು ಹತ್ತಿಸಿದರು. ತೋಟದ ಮನೆಯಲ್ಲಿ ಗೆಳೆಯನ ಹೆಂಡತಿ ಅಕ್ಕಿರೊಟ್ಟಿ ತಟ್ಟಿ ಇಟ್ಟಿದ್ದರು. ನಾಲ್ಕು ಜನಕ್ಕೆ, ಲೆಕ್ಕ ಸರಿಯಾಗಿ. ಹೇಗೆ ಗೊತ್ತಾಯಿತೋ.

ಭಾನುವಾರ ಬೆಳಗ್ಗೆ ಗೆಳೆಯ ತೆಪ್ಪಗೆ ಟೋಪಿ ಸಿಕ್ಕಿಸಿದ. ಪೆಟ್ರೋಲಿನ ಮಸಿ ಕಟ್ಟಿ ಬೆಂಕಿ ಸರಿಯಾಗಿ ಬರುತ್ತಿರಲಿಲ್ಲ. ನೀನು ಬಿಚ್ಚಿ ಕ್ಲೀನ್ ಮಾಡು, ನಿನಗೆ ಗೊತ್ತು ಅಂತ ನನಗೇ ದಾಟಿಸಿದ.

ಹೀಗೆ ಅದು ಹಾಸನಕ್ಕೆ ಬಂತು. ಮಂಗಳವಾರ ಹಿತ್ತಲಿನ ಕಟ್ಟೆ ಮೇಲೆ ಇಟ್ಟು ಹಚ್ಚಿದೆ. ತಂತಿಯಿಂದ ತೂತು ಬಿಡಿಸಿದ್ದೆ, ಒಣಗಿದ್ದ ಪಂಪ್ ವಾಷರಿಗೆ ಎರಡು ಹನಿ ಎಣ್ಣೆ ಬಿಟ್ಟಿದ್ದೆ. ಬೆಂಕಿ ಸುತ್ತಲೂ ಪುಟ್ಟ ಪುಟ್ಟ ಹಲ್ಲಿನ ಹಾಗೆ ನೀಲಿಯಾಗಿ ನಿಂತಿತು. ಸದ್ದೇ ಇಲ್ಲ. ಹೆಮ್ಮೆಯಿಂದ ದೊಡ್ಡಮ್ಮನನ್ನು ಕರೆದೆ. ಅವರಿಗೆ ಈಗ ಎಂಬತ್ತು ದಾಟಿದೆ. ಕಿವಿ ಸೂಕ್ಷ್ಮ, ಕಾಲು ಮಾತ್ರ ಕೈಕೊಟ್ಟಿದೆ. ನಿಧಾನಕ್ಕೆ ಬಂದು ಮೆಟ್ಟಿಲ ಮೇಲೆ ಕೂತು ಸ್ಟವ್ವನ್ನೇ ನೋಡಿದರು.

"ಅದರ ಬಾಯಿ ಯಾಕೋ ಮುಚ್ಚಿಸ್ದೆ?"

ಆನೆ ಕತೆ ಹೇಳಿದೆ. ಹೂಂ ಹೂಂ ಅಂದರು. ಆನೆ ಅವರಿಗೆ ಮುಖ್ಯ ಅನ್ನಿಸಲಿಲ್ಲ. ಆಮೇಲೆ ಅವರೇ ಶುರು ಮಾಡಿದರು.

ಹಳೇ ಮನೆಯಲ್ಲಿ ಹದಿನಾಲ್ಕು ಜನ. ಅನ್ನ ಸಾರೆಲ್ಲ ಸೌದೆ ಒಲೆಯ ಮೇಲೆ. ಬೆಳಗಿನ ಕಾಫಿಗೆ, ಸಂಜೆ ಹಾಲು ಕಾಯಿಸೋದಕ್ಕೆ ಮಾತ್ರ ಪಂಪ್ ಸ್ಟವ್ವು. ಅಡುಗೆಮನೆಗೂ ನಡುಮನೆಗೂ ಮಧ್ಯೆ ಬಾಗಿಲಿಲ್ಲ, ಬರೀ ತೊಲೆ. ನಡುಮನೆಯಲ್ಲಿ ನಮ್ಮಜ್ಜಿ. ನಮ್ಮಜ್ಜಿಯ ಬಗ್ಗೆ ನಾನು ಏನು ಹೇಳಲಿ, ನಮಗೆಲ್ಲಾ ಕಡಲೆಮಿಠಾಯಿ ಕೊಡುತ್ತಿದ್ದ ಅಜ್ಜಿ. ಮೂರು ಜನ ಸೊಸೆಯಂದಿರಿಗೆ ಅವರು ಬೇರೆ ಮನುಷ್ಯ. ಸೊಸೆಯಂದಿರು ಪಿಸುಗುಟ್ಟಿದರೂ "ಏನದು?" ಅಂತ ಕೇಳುತ್ತಿದ್ದರಂತೆ.

"ಸ್ಟವ್ ಹೊತ್ತಿದ್ರೆ ಮಾತಾಡ್ತಿದ್ವಿ. ಆರಿಸಿದ್ರೆ ಸುಮ್ನಾಗ್ತಿದ್ವಿ. ಅಷ್ಟೇ."

ದಿನಕ್ಕೆರಡು ಸಲ. ಹಾಲು ಕಾಯುವಷ್ಟು ಹೊತ್ತು. ಮಾತು ಜಾಸ್ತಿ ಇದ್ದ ದಿನ ಹಾಲಿಗೆ ಸ್ವಲ್ಪ ನೀರು ಬೀಳುತ್ತಿತ್ತಂತೆ, ಕಾಯೋದಕ್ಕೆ ಹೊತ್ತಾಗಲಿ ಅಂತ. ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ತಿಂಗಳ ಇಪ್ಪತ್ತಕ್ಕೇ ಮುಗಿದರೆ ಅಜ್ಜಿಗೆ ಸಿಟ್ಟು. ಎಣ್ಣೆ ಎಲ್ಲಿ ಹೋಗುತ್ತೆ ಅಂತ ಕೊನೇವರೆಗೂ ಗೊತ್ತಾಗಲಿಲ್ಲ.

"ಅಮ್ಮನೂ ಮಾತಾಡ್ತಿದ್ಲಾ?" ಅಂತ ಕೇಳಿದೆ. ಸುಮ್ಮನೆ ಕೇಳಿದ್ದು. ಅಮ್ಮ ಹೋಗಿ ಒಂಬತ್ತು ವರ್ಷ ಆಯಿತು. ನನಗೆ ಗೊತ್ತಿದ್ದ ಅಮ್ಮ ಮಾತಿನವಳಲ್ಲ. ಬಂದವರಿಗೆ ಕಾಫಿ ಕೊಟ್ಟು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೂ ಅದನ್ನೇ, ನಮ್ಮಮ್ಮ ತುಂಬಾ ಸೈಲೆಂಟು ಅಂತ.

"ನಿಮ್ಮಮ್ಮನೇ ಜಾಸ್ತಿ," ಅಂದರು ದೊಡ್ಡಮ್ಮ. "ಅತ್ತೆ ನಡೆಯೋ ಥರ ನಡೆದು ತೋರಿಸ್ತಿದ್ಲು. ಸೆರಗು ಬಾಯಿಗೆ ತುರುಕ್ಕೊಂಡು ನಗ್ತಿದ್ವಿ ನಾವು."

ನಿಮ್ಮಮ್ಮನೇ ಜಾಸ್ತಿ. ಗುರುವಾರ ಬಸ್ಸಿನಲ್ಲಿ ಇದೇ ನೆನಪಾಗಿ ಒಬ್ಬನೇ ನಕ್ಕೆ, ಪಕ್ಕದವರು ನೋಡಿದರು. ನಾನು ನಡುಮನೆಯಲ್ಲಿ ಮಗ್ಗಿ ಬರೆಯುತ್ತಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ಅಮ್ಮ ಅಜ್ಜಿಯ ಥರ ಸೊಂಟಕ್ಕೆ ಕೈ ಇಟ್ಟು ನಡೆಯುತ್ತಿದ್ದಳು. ನನಗೆ ಕೇಳಿಸಿದ್ದು ಬರೀ ಭೋರ್. ಆ ಸದ್ದು ನನಗೆ ಆಗ ಇಷ್ಟವೇ ಇರಲಿಲ್ಲ, ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನಿಮ್ಮಮ್ಮನೇ ಜಾಸ್ತಿ.

ಆ ಕಾಲದ ಪೇಪರಿನಲ್ಲಿ ಬರುತ್ತಿದ್ದ ಇನ್ನೊಂದು ಸ್ಟವ್ವೂ ನೆನಪಾಗದೆ ಇರಲಿಲ್ಲ. "ಸ್ಟವ್ ಸಿಡಿದು ಗೃಹಿಣಿ ಸಾವು." ನಾಲ್ಕು ಸಾಲು, ಒಳಪುಟದ ಮೂಲೆಯಲ್ಲಿ. ಅದರಲ್ಲಿ ಎಷ್ಟು ನಿಜವಾಗಿ ಸ್ಟವ್ವಿನ ತಪ್ಪು, ಎಷ್ಟು ಮನೆಯವರದ್ದು ಅಂತ ಊರಿಗೆ ಗೊತ್ತಿರುತ್ತಿತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ವರದಕ್ಷಿಣೆ ಸಾವು ಅಂತ ಕಾನೂನಿಗೆ ಬೇರೆ ಸೆಕ್ಷನ್ ಬಂದಿದ್ದೇ 1986ರಲ್ಲಿ. ಇದನ್ನು ದೊಡ್ಡಮ್ಮನಿಗೆ ಅಂದಾಗ ನಗು ನಿಲ್ಲಿಸಿದರು. "ಎಲ್ಲರ ಮನೆ ಸ್ಟವ್ವೂ ನಮ್ಮನೆ ಸ್ಟವ್ ಥರ ಇರ್ಲಿಲ್ಲ ಬಿಡು," ಅಂದರು. ಮುಂದೆ ಹೇಳಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಸೈಲೆಂಟ್ ಬರ್ನರಿನ ಕತೆ ಬಂತು. ಚಿಕ್ಕಪ್ಪ ಮೈಸೂರಿಗೆ ಹೋದವರು ಒಂದು ತಂದರಂತೆ. ಅಜ್ಜಿಯ ನಿದ್ದೆಗೆ ತೊಂದರೆ ಅಂತ. ತಾಯಿಯ ಮೇಲೆ ಪ್ರೀತಿ ಇದ್ದ ಮನುಷ್ಯ, ಅಡುಗೆಮನೆಗೆ ಕಾಲಿಟ್ಟವರಲ್ಲ. ಹಾಕಿದ ದಿನ ಅಡುಗೆಮನೆಯಲ್ಲಿ ಪೂರ್ತಿ ಮೌನ. ಅಜ್ಜಿಗೆ ಖುಷಿಯೋ ಖುಷಿ. ವಾರದೊಳಗೆ ಆ ಬರ್ನರ್ ಮಸಿ ಉಗುಳೋಕೆ ಶುರು ಮಾಡಿತು. ಬೆಂಕಿ ಹಳದಿ, ಪಾತ್ರೆಯೆಲ್ಲಾ ಕಪ್ಪು. ತೆಗೆದು ಹಳೇದೇ ಹಾಕಿದರು.

"ಹೇಗೆ ಕೆಡ್ತು?"

"ಕೆಡ್ತು."

"ಹೊಸದಲ್ವಾ ದೊಡ್ಡಮ್ಮ?"

"ಸ್ಟವ್ ಪಿನ್ ಹಾಕೋ ಜಾಗಕ್ಕೆ ಹೊಲಿಯೋ ಸೂಜಿ ಹಾಕಿ ತಿರುಗಿಸಿದ್ರೆ ತೂತು ದೊಡ್ಡದಾಗುತ್ತೆ. ಗ್ಯಾಸು ಜಾಸ್ತಿ ಬರುತ್ತೆ, ಗಾಳಿ ಸಾಲಲ್ಲ, ಮಸಿ ಕಟ್ಟುತ್ತೆ." ಐ.ಟಿ.ಐ. ಮೇಷ್ಟ್ರ ಹಾಗೆ ಹೇಳಿದರು.

"ಯಾರು ತಿರುಗಿಸಿದ್ದು?"

ದೊಡ್ಡಮ್ಮ ಎದ್ದು ಮೊಣಕಾಲು ಒತ್ತಿಕೊಂಡರು. "ಕೆಡ್ತು ಅಂದ್ನಲ್ಲ."

ಅಮ್ಮನ ಹೊಲಿಗೆ ಡಬ್ಬಿ ನಮ್ಮ ಮನೆಯಲ್ಲೇ ಇದೆ. ರಾತ್ರಿ ತೆಗೆದು ನೋಡಿದೆ. ಸೂಜಿ ಹನ್ನೊಂದು ಇವೆ, ಎರಡು ಬಗ್ಗಿವೆ. ಬಗ್ಗಿದ ಸೂಜಿ ಯಾರ ಡಬ್ಬಿಯಲ್ಲಿ ಇರೋದಿಲ್ಲ ಹೇಳಿ.

ನಿನ್ನೆ ಸಂಜೆ ಇಕ್ಕಳ ತಗೊಂಡು ಆ ಅಮೆರಿಕದ ಟೋಪಿ ತೆಗೆದೆ. ದೊಡ್ಡಮ್ಮನೂ ಚಿಕ್ಕಮ್ಮನೂ ಹಿತ್ತಲಿನಲ್ಲಿ ಕೂತಿದ್ದರು. ಅವರ ಪಕ್ಕ ಸ್ಟವ್ ಹಚ್ಚಿಟ್ಟು, ಹಾಲಿನ ಪಾತ್ರೆ ಇಟ್ಟು, ನಾನು ಒಳಗೆ ಬಂದೆ. ಹಾಲಿಗೆ ಒಂದು ಲೋಟ ನೀರು ಜಾಸ್ತಿಯೇ ಹಾಕಿದ್ದೆ.

ಅಷ್ಟರಲ್ಲಿ ಗೆಳೆಯನ ಫೋನು. ಮುಂದಿನ ತಿಂಗಳು ಮತ್ತೆ ಹೋಗೋಣ, ಈ ಸಲ ತೋಟದ ಮನೆ ಅಂಗಳದಲ್ಲೇ, ಸ್ಟವ್ ರೆಡಿ ಇದೆಯಾ ಅಂದ. ರೆಡಿ ಅಂದೆ.

"ಅದೇನು ಹಿಂದೆ ಅಷ್ಟು ಸದ್ದು? ಆ ಸೈಲೆಂಟ್ ಕ್ಯಾಪು ಏನಾಯ್ತೋ?"

"ಕೆಡ್ತು," ಅಂದೆ.